ಇನ್ನೂರ ಹದಿನಾಲ್ಕನೆಯ ಸಾಮಾನು

ಕಳೆದುಹೋದ ಸಾಮಾನನ್ನು ಹುಡುಕಬಹುದು. ಹೆಚ್ಚಾಗಿ ಬಂದ ಸಾಮಾನನ್ನು ಏನು ಮಾಡಬೇಕು? ಬೀದಿಯ ವಸ್ತುಸಂಗ್ರಹಾಲಯದ ಪಾಲಕನಿಗೆ ಬೆಳಿಗ್ಗೆ ಹತ್ತು ಗಂಟೆಗೆ ಎದುರಾದ ತೊಂದರೆ ಇದೇ. ಪುಸ್ತಕದಲ್ಲಿ ಇದ್ದದ್ದು ಇನ್ನೂರ ಹದಿಮೂರು. ಬೀರುಗಳಲ್ಲಿ ಎಣಿಸಿದರೆ ಇನ್ನೂರ ಹದಿನಾಲ್ಕು. ಅವನು ಮೂರು ಸಲ ಎಣಿಸಿದ. ತನ್ನ ಕನ್ನಡಕವನ್ನೂ ಸೇರಿಸಿ ಎಣಿಸುತ್ತಿದ್ದೇನೋ ಎಂಬ ಅನುಮಾನ ಬಂದು, ಅದನ್ನು ತೆಗೆದು ಜೇಬಿಗಿಟ್ಟು ನಾಲ್ಕನೆಯ ಸಲ ಎಣಿಸಿದ. ಸರಿಯಾಗಿ ಕಾಣದೆ ಇನ್ನೂರ ಒಂಬತ್ತು ಬಂತು.

ವಸ್ತುಸಂಗ್ರಹಾಲಯ ಎಂದರೆ ಎರಡು ಕೋಣೆ, ಐದು ಗಾಜಿನ ಬೀರು, ಒಂದು ಫ್ಯಾನು, ಫ್ಯಾನಿನ ಕೆಳಗೊಂದು ಬೆಂಚು. ಬೀದಿಯವರು ತಮ್ಮ ತಮ್ಮ ಅಟ್ಟ ಖಾಲಿ ಮಾಡುವಾಗ ತಂದುಕೊಟ್ಟ ತಕ್ಕಡಿ, ಲಾಂದ್ರ, ಮಸಿಕುಡಿಕೆ, ಕ್ಷೌರದ ಪೆಟ್ಟಿಗೆ, ಹಲ್ಲು ಕಾಣದಂತೆ ತೆಗೆಸಿಕೊಂಡ ಮದುವೆಯ ಫೋಟೊಗಳು, ಎಲ್ಲ ಅಲ್ಲಿದ್ದವು. ಪ್ರತಿಯೊಂದರ ಅಡಿಯಲ್ಲಿ ಬಿಳಿ ಬಣ್ಣದ ನಂಬರು, ಮುಂದೆ ಕೊಟ್ಟವರ ಹೆಸರಿನ ಚೀಟಿ. ವಾರಕ್ಕೆ ನಾಲ್ಕು ಜನ ನೋಡಲು ಬಂದರೆ ಹೆಚ್ಚು. ಆ ನಾಲ್ವರಲ್ಲಿ ಇಬ್ಬರು ಬಿಸಿಲು ತಪ್ಪಿಸಿಕೊಳ್ಳಲು ಬಂದವರು, ಒಬ್ಬ ಬೆಂಚಿನ ಮೇಲೆ ನಿದ್ದೆ ಮಾಡಲು ಬಂದವನು.

ಹೆಚ್ಚಾಗಿ ಬಂದ ಆ ಸಾಮಾನು ಮೂರನೆಯ ಬೀರುವಿನಲ್ಲಿ, ತಕ್ಕಡಿಗೂ ಲಾಂದ್ರಕ್ಕೂ ನಡುವೆ, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು. ಗೇಣುದ್ದದ ಕಬ್ಬಿಣ. ಒಂದು ತುದಿಯಲ್ಲಿ ಚೌಕದ ಗೂಡು, ಇನ್ನೊಂದು ತುದಿಯಲ್ಲಿ ಎರಡು ಕಿವಿ. ಮೈತುಂಬ ತುಕ್ಕು. ನಂಬರಿಲ್ಲ, ಚೀಟಿಯೂ ಇಲ್ಲ.

ಬೇರೆ ದಿನವಾಗಿದ್ದರೆ ಯೋಚನೆ ಮಾಡಲು ಪುರುಸೊತ್ತಿತ್ತು. ಆದರೆ ಇವತ್ತು ಮೂರು ಗಂಟೆಗೆ ತಪಾಸಣೆ. ಹೋದ ವರ್ಷ ಯಾರೋ ಮಳೆಗೆ ಸಿಕ್ಕಿಬಿದ್ದು ನೂರ ಎರಡನೆಯ ನಂಬರಿನ ಕೊಡೆಯನ್ನು ಹಿಡಿದುಕೊಂಡು ಹೋಗಿದ್ದರು. ಕೊಡೆ ವಾಪಸು ಬರುವುದಕ್ಕೆ ಮೊದಲೇ ತಪಾಸಣೆ ಅಧಿಕಾರಿ ಬಂದಿದ್ದ. ‘ಪುಸ್ತಕಕ್ಕೂ ಬೀರುವಿಗೂ ಇನ್ನೊಮ್ಮೆ ತಾಳೆಯಾಗದಿದ್ದಲ್ಲಿ ಪಾಲಕರನ್ನು ಬದಲಿಸತಕ್ಕದ್ದು’ ಎಂದು ಕೆಂಪು ಪೆನ್ಸಿಲಿನಲ್ಲಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ಹೋಗಿದ್ದ. ಪಾಲಕನಿಗೆ ಒಂಬತ್ತು ವರ್ಷದಿಂದ ಈ ಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಯಾರಿಗೂ ಬೇಡವಾದ ಈ ಸಾಮಾನುಗಳ ಮೇಲೆ ಅವನಿಗೆ ನಿಜವಾಗಿ ಪ್ರೀತಿಯಿತ್ತು. ಅವನಿಗೆ ಹೆದರಿಕೆಯಾಯಿತು.

ಹೆದರಿಕೆಯಾದಾಗ ಅವನು ಮಾಡುವ ಕೆಲಸ ಒಂದೇ, ಅನುಮಾನ ಪಡುವುದು. ಯಾರಾದರೂ ನಕ್ಕರೆ ಹಿಂತಿರುಗಿ ತನ್ನ ಬೆನ್ನಿಗೆ ಏನಾದರೂ ಅಂಟಿದೆಯೇ ಎಂದು ನೋಡಿಕೊಳ್ಳುವ ಜಾತಿಯ ಮನುಷ್ಯ ಅವನು. ಬೀರುಗಳಿಗೆ ಬೀಗವೇನೋ ಇತ್ತು. ಆದರೆ ಬೀಗದ ಕೈ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದ್ದದ್ದು ಬೀದಿಗೆಲ್ಲ ಗೊತ್ತಿತ್ತು.

ಮೊದಲು ಗುಡಿಸುವಾಕೆಯನ್ನು ಕರೆದ. ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವಳು. ಎರಡು ವರ್ಷದ ಹಿಂದೆ ಒಂದು ಮಸಿಕುಡಿಕೆ ಒಡೆದು ಬೈಸಿಕೊಂಡ ಮೇಲೆ ಯಾವ ಪ್ರಶ್ನೆಗೂ ಅವಳದು ಒಂದೇ ಉತ್ತರ.

“ಇದನ್ನ ಮುಟ್ಟಿದ್ಯಾ?”

“ನಾನು ಮುಟ್ಟಿಲ್ಲ.”

“ಯಾರು ಮುಟ್ಟಿದ್ದು ನೋಡಿದ್ಯಾ?”

“ನಾನು ಮುಟ್ಟಿಲ್ಲ ಅಂದ್ನಲ್ಲ, ಇನ್ನೇನು ಬೇಕು ನಿಮಗೆ?”

ಹಾಗಾದರೆ ಮಿಸ್ಸೇ ಇರಬೇಕು ಎಂದುಕೊಂಡ ಪಾಲಕ. ಮಿಸ್ಸು ಎಂದರೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ವಸ್ತುಸಂಗ್ರಹಾಲಯದ ಕಮಿಟಿಯ ಕಾರ್ಯದರ್ಶಿ. ಆಕೆಯ ಅಕ್ಕನ ಮಗ ಕೆಲಸವಿಲ್ಲದೆ ಮನೆಯಲ್ಲಿದ್ದಾನೆ. ಹೋದ ತಿಂಗಳು ಅವನನ್ನು ಕರೆದುಕೊಂಡು ಬಂದು, ಪಾಲಕನ ಕುರ್ಚಿಯಲ್ಲಿ ಕೂರಿಸಿ, “ಎತ್ತರ ಸರಿಹೋಗುತ್ತೇನೋ?” ಎಂದು ಕೇಳಿದ್ದರು. ಬೀರುವಿನಿಂದ ಕದ್ದರೆ ಕಳ್ಳತನ. ಬೀರುವಿಗೆ ಸೇರಿಸಿದರೆ ಯಾವ ಪೊಲೀಸಿಗೂ ದೂರು ಕೊಡಲು ಬರುವುದಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ತಲೆಗೆ ಮಾತ್ರ ಇಷ್ಟು ಹೊಳೆಯಲು ಸಾಧ್ಯ ಎಂದು ಪಾಲಕನಿಗೆ ಖಾತ್ರಿಯಾಯಿತು.

ಸುಲಭದ ದಾರಿಯೆಂದರೆ ಆ ಕಬ್ಬಿಣವನ್ನು ತಪಾಸಣೆ ಮುಗಿಯುವವರೆಗೆ ಬಚ್ಚಿಡುವುದು. ಅವನು ಅದನ್ನು ಊಟದ ಚೀಲಕ್ಕೆ ಹಾಕಿದ. ಅಷ್ಟರಲ್ಲಿ ಫೋನು ಬಂತು. ಹೆಂಡತಿ.

“ಇವತ್ತು ನೀರಿನ ದಿನ. ಐದು ಗಂಟೆಗೆ ಬಿಡ್ತಾರೆ. ಡ್ರಮ್ಮಲ್ಲಿ ಒಂದು ಹನಿ ಇಲ್ಲ. ಹೋದ ಸಲದ ಹಾಗೆ ಹಳೇ ಪಾತ್ರೆ ನೋಡ್ತಾ ಕೂತು ನಮ್ಮ ಪಾತ್ರೆ ಮರೀಬೇಡಿ.”

“ಬರ್ತೀನಿ ಬರ್ತೀನಿ,” ಎಂದು ಫೋನಿಟ್ಟು ತಲೆಯೆತ್ತಿದರೆ ಬಾಗಿಲಲ್ಲಿ ಎದುರು ಅಂಗಡಿಯ ದರ್ಜಿ, ಕೊರಳಲ್ಲಿ ಅಳತೆ ಟೇಪು ಇಳಿಬಿಟ್ಟುಕೊಂಡು ನಿಂತಿದ್ದ. ಅವನ ಕಣ್ಣು ಚೀಲದ ಮೇಲಿತ್ತು.

“ಏನು, ಸಾಮಾನು ಮನೆಗೆ ಹೊರಟ ಹಾಗಿದೆ?”

“ಊಟದ ಡಬ್ಬಿ.”

“ಡಬ್ಬಿಗೆ ಕಿವಿ ಇರೋದು ನಾನು ಇವತ್ತೇ ನೋಡಿದ್ದು.”

ದರ್ಜಿ ಅಷ್ಟಕ್ಕೇ ಸುಮ್ಮನಾಗುವವನಲ್ಲ. ಅವನು ಬೀದಿಗೆ ಇಳಿದು ಮಿಸ್ಸನ್ನು ಕೂಗಿದ. ಐದು ನಿಮಿಷದಲ್ಲಿ ಮಿಸ್ಸು ಬಂದರು. ಪಾಲಕ ಮೇಜಿನ ಮೇಲೆ ಕಬ್ಬಿಣವಿಟ್ಟು, ಬೆವರು ಒರೆಸಿಕೊಳ್ಳುತ್ತ ನಡೆದದ್ದೆಲ್ಲ ಹೇಳಿದ. ಇಬ್ಬರೂ ನಂಬಲಿಲ್ಲ.

“ಇಲ್ಲದ ಸಾಮಾನು ತಾನಾಗೇ ಬಂದು ಬೀರುವಿನೊಳಗೆ ಕೂರುತ್ತಾ?” ಎಂದರು ಮಿಸ್ಸು. “ಯಾರ ಮನೆಯದ್ದೋ ಇಲ್ಲಿಗೆ ತಂದಿದ್ದೀರಿ. ಇಲ್ಲಿಂದ ಎಲ್ಲಿಗೋ ಸಾಗಿಸ್ತಿದ್ದೀರಿ. ನಡುವೆ ನಮ್ಮ ಕಮಿಟಿ ಹೆಸರು ಕೆಡುತ್ತೆ.”

“ನೀವೇ ಇಟ್ಟಿರಬಹುದಲ್ಲ, ಮಿಸ್?” ಎಂದುಬಿಟ್ಟ ಪಾಲಕ.

“ನಾನಾ?”

“ಕುರ್ಚಿ ಎತ್ತರ ನೋಡಿ ಹೋದವರು ನೀವು.”

ಮಿಸ್ಸು ಪಾಲಕನನ್ನು ಅನುಮಾನದಿಂದ ನೋಡಿದರು. ಪಾಲಕ ದರ್ಜಿಯನ್ನು ನೋಡಿದ, ಯಾಕೆಂದರೆ ಪಕ್ಕದ ಕೋಣೆಯನ್ನು ಬಟನ್ ಹೊಲಿಯುವ ಮೆಷಿನ್ನಿಗೆ ಕೊಡಿ ಎಂದು ಅವನು ಎರಡು ಸಲ ಅರ್ಜಿ ಹಾಕಿದ್ದ. ದರ್ಜಿ ಮಿಸ್ಸನ್ನು ನೋಡಿದ. ಅವನ ಅನುಮಾನಕ್ಕೆ ಕಾರಣ ಹಳೆಯದು. ಬೀರುಗಳಲ್ಲಿ ಮಿಸ್ಸಿನ ಮನೆತನದ ಹೆಸರಿನ ಚೀಟಿ ಏಳು. ದರ್ಜಿಯ ಮನೆತನದ್ದು ಒಂದೂ ಇಲ್ಲ. ಅವನು ತಂದುಕೊಟ್ಟ ಅಜ್ಜಿಯ ಕತ್ತರಿಯನ್ನು ಕಮಿಟಿ, ‘ಇನ್ನೂ ಚೆನ್ನಾಗಿ ಕತ್ತರಿಸುತ್ತಿದೆ’ ಎಂಬ ಕಾರಣಕ್ಕೆ ವಾಪಸು ಕಳಿಸಿತ್ತು.

ಗಂಟೆ ಒಂದೂವರೆಯಾಯಿತು. ಪಾಲಕ ಮೆಲ್ಲಗೆ ಹೇಳಿದ, “ಹೋಗಲಿ, ಒಂದು ಕೆಲಸ ಮಾಡ್ತೀನಿ. ಯಾರದೂ ಅಲ್ಲದ ಸಾಮಾನು ಅಂತ ಬರೆದು ಅಧಿಕಾರಿ ಕೈಗೆ ಕೊಡ್ತೀನಿ. ದೊಡ್ಡ ಮ್ಯೂಸಿಯಮ್ಮಿಗೆ ತಗೊಂಡು ಹೋಗಿ ಅವರ ಹೆಸರು ಹಾಕ್ಕೊಳ್ಳಲಿ.”

ದರ್ಜಿ ಕಬ್ಬಿಣವನ್ನು ಎತ್ತಿ ಬೆಳಕಿಗೆ ಹಿಡಿದ. ಹಿಂದೆ ಮುಂದೆ ತಿರುಗಿಸಿದ. ಅವನ ಮುಖ ಮೆತ್ತಗಾಯಿತು.

“ತಡೀರಿ. ಇದನ್ನ ಎಲ್ಲೋ ನೋಡಿದೀನಿ. ನಮ್ಮ ತಾತನ ಕೈಯಲ್ಲೇ ನೋಡಿದೀನಿ.”

“ಅರ್ಧ ಗಂಟೆ ಮುಂಚೆ ನೋಡಿರಲಿಲ್ಲ,” ಎಂದರು ಮಿಸ್ಸು.

“ಆಗ ಕೈಗೆ ತಗೊಂಡಿರಲಿಲ್ಲ. ಬಟ್ಟೆ ಥಾನು ಸುತ್ತೋಕೆ ಇಟ್ಟಿದ್ರು. ಈ ಗೂಡಿಗೆ ಕೋಲು ಸಿಗಿಸಿ ತಿರುಗಿಸೋದು. ಈ ಕಿವಿ ಹಿಡ್ಕೊಳ್ಳೋಕೆ.”

ಅವನು ಅಷ್ಟು ನಂಬಿಕೆಯಿಂದ ಗಾಳಿಯಲ್ಲಿ ತಿರುಗಿಸಿ ತೋರಿಸಿದನೆಂದರೆ, ಪಾಲಕನಿಗೂ ಒಂದು ಕ್ಷಣ ಆ ತಾತ ಕಂಡ. ಮಿಸ್ಸಿಗೆ ಮಾತ್ರ ಕಂಡದ್ದು ಚೀಟಿ. ಗಾಜಿನ ಹಿಂದೆ, ದರ್ಜಿಯ ಮನೆತನದ ಹೆಸರಿನ ಚೀಟಿ.

“ಬಟ್ಟೆ ಅಲ್ಲ, ಭೂಪಟ,” ಎಂದರು ಅವರು. “ನಮ್ಮ ತಂದೆ ಶಾಲೆಯಲ್ಲಿ ಭೂಪಟ ಸುತ್ತಿಡೋಕೆ ಇಂಥದ್ದೇ ಇತ್ತು.”

“ಹಾಗಿದ್ರೆ ನಮ್ಮ ತಾತನೇ ಶಾಲೆಗೆ ಎರವಲು ಕೊಟ್ಟಿರಬೇಕು.”

“ಎರವಲಲ್ಲ, ದಾನ.”

ಹೊಸ ಸಾಮಾನು ಪುಸ್ತಕಕ್ಕೆ ಸೇರಬೇಕಾದರೆ ಮೂರು ಸಂಗತಿ ಬೇಕು. ಕೊಟ್ಟವರ ಹೆಸರು, ಅದರ ಉಪಯೋಗ, ಅದು ನಿಜವೆಂದು ಬಲ್ಲ ಇಬ್ಬರ ಸಹಿ. ಒಮ್ಮೆ ಸೇರಿತೆಂದರೆ ಹೊಡೆದುಹಾಕುವಂತಿಲ್ಲ. ಎರಡೂಕಾಲಿನವರೆಗೆ ಜಗ್ಗಾಡಿ, ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವಂತೆ ಪಾಲಕ ಹೀಗೆ ಬರೆದ: ‘ನಂ. ೨೧೪. ಸುತ್ತುಗೂಟ. ಬಟ್ಟೆಯ ಥಾನು ಹಾಗೂ ಶಾಲೆಯ ಭೂಪಟ ಸುತ್ತಲು ಬಳಸುತ್ತಿದ್ದುದು. ಕೊಟ್ಟವರು: ಎದುರು ಅಂಗಡಿಯ ದರ್ಜಿಯ ತಾತ.’ ಮಿಸ್ಸು ಸಹಿ ಹಾಕಿದರು. ಎರಡನೆಯ ಸಹಿಗೆ ಬೇರೆ ಯಾರೂ ಸಿಗಲಿಲ್ಲ. ಪಾಲಕ ಕಣ್ಣುಮುಚ್ಚಿಕೊಂಡು ತಾನೇ ಹಾಕಿದ. ಒಂಬತ್ತು ವರ್ಷದಲ್ಲಿ ಆ ಪುಸ್ತಕದಲ್ಲಿ ಅವನು ಬರೆದ ಮೊದಲನೆಯ ಸುಳ್ಳು ಅದು. ಸಹಿಯ ಬಾಲ ಪಕ್ಕದ ಅಂಕಣಕ್ಕೆ ಹೋಯಿತು. ಪುಸ್ತಕದಲ್ಲಿದ್ದದ್ದನ್ನೇ ಚೀಟಿಯಲ್ಲೂ ಬರೆದು, ಕಬ್ಬಿಣದ ಜೊತೆ ಮೂರನೆಯ ಬೀರುವಿನಲ್ಲಿಟ್ಟ.

ಮೂರು ಗಂಟೆಗೆ ಅಧಿಕಾರಿ ಬಂದ. ಸಣಕಲು ಮನುಷ್ಯ, ಎರಡು ಕನ್ನಡಕ, ಜೇಬಿನಲ್ಲಿ ಅದೇ ಕೆಂಪು ಪೆನ್ಸಿಲು. ಪಾಲಕ ಅನುಮಾನದಲ್ಲಿ ಪಳಗಿದವನಾದರೂ ಅಧಿಕಾರಿಯ ಮುಂದೆ ಇನ್ನೂ ಕಲಿಯುವವನೇ. ಅಧಿಕಾರಿ ಲಾಂದ್ರವನ್ನು ಅಲ್ಲಾಡಿಸಿ ಕೇಳಿದ. ಫೋಟೊಗಳಲ್ಲಿದ್ದ ಮದುಮಕ್ಕಳನ್ನು ಎಣಿಸಿದ. ಕೊಡೆಯನ್ನು ಬಿಚ್ಚಿ, ಅದೇ ಕೊಡೆಯೇ ಎಂದು ಮೂರು ಸಲ ಕೇಳಿದ. ಇನ್ನೂರ ಹದಿಮೂರೂ ತಾಳೆಯಾದವು.

“ಇನ್ನೂರ ಹದಿನಾಲ್ಕು,” ಎಂದು ಓದಿ ನಿಲ್ಲಿಸಿದ. ಕನ್ನಡಕ ಬದಲಿಸಿದ. ಕಬ್ಬಿಣವನ್ನು ಕೈಗೆತ್ತಿಕೊಂಡು ಗೂಡಿನೊಳಗೆ ಇಣುಕಿದ.

“ಇಪ್ಪತ್ತಾರು ವರ್ಷ ಸರ್ವೀಸು ನಂದು,” ಎಂದ ಅಧಿಕಾರಿ. “ಇಂಥದ್ದು ಎಲ್ಲೂ ನೋಡಿಲ್ಲ.”

“ನಮ್ಮ ತಾತಂದು,” ಎಂದ ದರ್ಜಿ.

“ಶಾಲೆಯಲ್ಲಿತ್ತು,” ಎಂದರು ಮಿಸ್ಸು.

“ಇಂಥ ಸಾಮಾನನ್ನ ಬೀಗದ ಕೈ ಮೊಳೆಗೆ ನೇತುಹಾಕಿರೋ ಕಡೆ ಇಡೋದಾ? ನನಗೆ ಯಾರ ಮೇಲೂ ನಂಬಿಕೆ ಇಲ್ಲ. ತಜ್ಞರು ಬಂದು ನೋಡೋವರೆಗೂ ಈ ಬೀರು ತೆಗೆಯೋ ಹಾಗಿಲ್ಲ.”

ಅಧಿಕಾರಿ ಕಬ್ಬಿಣವನ್ನು ಒಳಗಿಟ್ಟು, ತನ್ನ ಚೀಲದಿಂದ ಅರಗು ತೆಗೆದು, ಕಾಯಿಸಿ, ಮೂರನೆಯ ಬೀರುವಿನ ಬೀಗಕ್ಕೆ ಸುರಿದು ಸರ್ಕಾರಿ ಮೊಹರು ಒತ್ತಿದ. ಮೊಹರು ಒಡೆದವರಿಗೆ ಕೆಲಸವೂ ಇಲ್ಲ, ಕೋರ್ಟೂ ತಪ್ಪಿದ್ದಲ್ಲ ಎಂದು ಪಾಲಕನ ಕಡೆ ನೋಡಿ ಹೇಳಿದ.

“ತಜ್ಞರು ಯಾವಾಗ ಬರ್ತಾರೆ ಸಾರ್?”

“ಹೋದ ಸಲ ಬೇಗ ಬಂದಿದ್ರು. ಎರಡೇ ವರ್ಷ.”

ಪಾಲಕನಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇಕಿರಲಿಲ್ಲ. ಎರಡು ವರ್ಷ ಯಾರೂ ಆ ಕಬ್ಬಿಣವನ್ನು ಮುಟ್ಟುವುದಿಲ್ಲ, ಸುಳ್ಳು ಹೊರಗೆ ಬರುವುದಿಲ್ಲ, ಕುರ್ಚಿ ತನ್ನದೇ. ಅಧಿಕಾರಿ ಅರಗು ಮೆತ್ತಿದ ಕೈ ತೊಳೆಯಲು ಹಿತ್ತಲ ನಲ್ಲಿಯ ಕಡೆ ಹೋದ. ಪಾಲಕ ಗಡಿಯಾರ ನೋಡಿದ. ಐದು ಗಂಟೆ ಹತ್ತು ನಿಮಿಷ. ಮನೆಯ ಡ್ರಮ್ಮು ನೆನಪಾಯಿತು.

ಆಗ ಮುಂಬಾಗಿಲಲ್ಲಿ ಒಬ್ಬ ಬಂದು ನಿಂತ. ದಿನಾ ಮಧ್ಯಾಹ್ನ ಬೆಂಚಿನ ಮೇಲೆ ನಿದ್ದೆ ಮಾಡಿ ಹೋಗುವವನು, ಬೀದಿಗೆ ನೀರು ಬಿಡುವವನು. ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೋಲು ಇತ್ತು.

“ಅಣ್ಣ, ನಿನ್ನೆ ಈ ಬೆಂಚಿನ ಕೆಳಗೆ ನೀರಿನ ವಾಲ್ವ್ ತಿರುಗಿಸೋ ನನ್ನ ಕೀಲಿಯ ಮೂತಿ ಬಿಟ್ಟು ಹೋಗಿದ್ದೆ. ಕೋಲು ಮುರಿದಿತ್ತು, ವೆಲ್ಡಿಂಗ್ ಮಾಡಿಸ್ಕೊಂಡು ಬಂದೆ. ಮೂತಿ ಕೊಡಿ, ನೀರು ಬಿಡಬೇಕು.”

ಮೂಲೆಯಲ್ಲಿ ಕಸದ ಬುಟ್ಟಿ ಎತ್ತುತ್ತಿದ್ದ ಗುಡಿಸುವಾಕೆ ಹೇಳಿದಳು, “ನೆಲದ ಮೇಲೆ ಬಿದ್ದಿತ್ತಲ್ಲ, ಅದಾ? ಮೂರನೇ ಬೀರುವಿಗೆ ಇಟ್ಟೆ. ಇಲ್ಲಿ ತುಕ್ಕು ಹಿಡಿದದ್ದೆಲ್ಲ ಗಾಜಿನೊಳಗೆ ತಾನೇ ಇರೋದು?”

“ಮುಟ್ಟಿಲ್ಲ ಅಂದ್ಯಲ್ಲ,” ಎಂದ ಪಾಲಕ.

“ಬಟ್ಟೇಲಿ ಹಿಡಿದು ಇಟ್ಟೆ. ಕೈಯಲ್ಲಿ ಮುಟ್ಟಿಲ್ಲ.”

“ಇನ್ನೊಂದು ಕೀಲಿ ಇಲ್ವಾ?” ದರ್ಜಿ ಪಿಸುಗುಟ್ಟಿದ.

“ಆ ವಾಲ್ವು ನಮ್ಮಪ್ಪನ ಕಾಲದ್ದು. ಅದಕ್ಕೆ ಹೊಂದೋದು ಇದೊಂದೇ. ಹೊಸದು ಮಾಡಿಸ್ಬೇಕಾದ್ರೂ ಅಳತೆಗೆ ಇದನ್ನೇ ಕೊಡಬೇಕು.” ಅವನು ಬೀರುವಿನ ಮುಂದೆ ಬಗ್ಗಿ, ಅರಗು ನೋಡಿ, ಚೀಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ.

ಅಷ್ಟರಲ್ಲಿ ಅಧಿಕಾರಿ ಕೆಂಪು ಬೆರಳುಗಳನ್ನು ಅಗಲಿಸಿಕೊಂಡು ವಾಪಸು ಬಂದ. “ನಲ್ಲಿಯಲ್ಲಿ ಒಂದು ಹನಿ ನೀರಿಲ್ಲವಲ್ಲ? ಇದ್ಯಾರು?”

ಪಾಲಕ ಬಾಯಿ ತೆರೆದ. ನಿಜ ಹೇಳಿದರೆ ಸುಳ್ಳು ಸಹಿಗೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಬೀದಿಯ ನೀರು ಹೋಗುತ್ತದೆ. ಮಿಸ್ಸು ಅವನ ಕಾಲು ತುಳಿದರು. ದರ್ಜಿ ಬೆನ್ನಿಗೆ ತಿವಿದ.

“ಸಂದರ್ಶಕರು ಸಾರ್,” ಎಂದ ಪಾಲಕ.

“ಸಹಿ ಮಾಡಿಸಿ,” ಎಂದು ಅಧಿಕಾರಿ ಪೆನ್ಸಿಲು ತೆಗೆದು ಬರೆದ: ‘ಸಂಗ್ರಹ ಅತ್ಯುತ್ತಮ. ಪುಸ್ತಕ ತಾಳೆಯಾಗಿದೆ. ಆದರೆ ಕೈ ತೊಳೆಯಲೂ ನೀರಿಲ್ಲ. ಪಾಲಕರು ಏಳು ದಿನದೊಳಗೆ ನೀರು ಹರಿಸತಕ್ಕದ್ದು. ತಪ್ಪಿದಲ್ಲಿ ಪಾಲಕರನ್ನು ಬದಲಿಸತಕ್ಕದ್ದು.’ ಕೆಳಗೆ ಎರಡು ಗೆರೆ ಎಳೆದು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ನೀರು ಬಿಡುವವನು ಅಷ್ಟು ಹೊತ್ತಿಗೆ ಚೀಟಿ ಓದಿ ಮುಗಿಸಿದ್ದ. ನೆಟ್ಟಗೆ ನಿಂತು ದರ್ಜಿಯನ್ನು ಮೇಲಿನಿಂದ ಕೆಳಗೆ ಅನುಮಾನದಿಂದ ನೋಡಿ, ಆಳುದ್ದದ ಕೋಲನ್ನು ಅವನ ಕೈಗೆ ಕೊಟ್ಟ.

“ಕೀಲಿ ನಿಮ್ಮ ತಾತಂದಾ? ಒಳ್ಳೇದಾಯ್ತು. ನೀರು ಬಿಡೋಕೂ ಅವರನ್ನೇ ಕರೆಸಿ.”

ಆರು ಗಂಟೆಯ ಹೊತ್ತಿಗೆ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ವಾರಕ್ಕೆ ನಾಲ್ಕು ಜನ ಬರುತ್ತಿದ್ದ ವಸ್ತುಸಂಗ್ರಹಾಲಯದ ಮುಂದೆ ಐವತ್ತು ಜನ ಸಾಲುಗಟ್ಟಿದರು, ಎಲ್ಲರ ಕೈಯಲ್ಲೂ ಖಾಲಿ ಕೊಡ. ಒಬ್ಬೊಬ್ಬರೇ ಒಳಗೆ ಬಂದು, ಗಾಜಿಗೆ ಮೂಗು ಒತ್ತಿ ಕೀಲಿಯನ್ನು ನೋಡಿ, ಪಾಲಕನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿ ಹೋದರು. ದರ್ಜಿ ಅಂಗಡಿಯ ಬಾಗಿಲು ಎಳೆದುಕೊಂಡಿದ್ದ. ಮಿಸ್ಸಿಗೆ ತಲೆನೋವು ಬಂದಿತ್ತು.

ಸಾಲಿನ ಕೊನೆಯಲ್ಲಿ ಪಾಲಕನ ಹೆಂಡತಿ ಬಂದಳು. ಒಂಬತ್ತು ವರ್ಷದಿಂದ ಒಂದು ಸಲ ಬಂದು ನೋಡು ಎಂದು ಅವನು ಕರೆಯುತ್ತಲೇ ಇದ್ದ. ಅವಳು ಬೀರುವಿನ ಮುಂದೆ ನಿಂತು ಚೀಟಿ ಓದಿದಳು, ತೆರೆದಿಟ್ಟ ಪುಸ್ತಕದಲ್ಲಿ ಗಂಡನ ಸಹಿಯನ್ನೂ ಅದರ ಉದ್ದ ಬಾಲವನ್ನೂ ನೋಡಿದಳು. ಖಾಲಿ ಕೊಡವನ್ನು ಅವನ ಮೇಜಿನ ಮೇಲಿಟ್ಟು, ಸಂದರ್ಶಕರ ಪುಸ್ತಕ ಎಳೆದುಕೊಂಡು, ಅಭಿಪ್ರಾಯದ ಅಂಕಣದಲ್ಲಿ ದುಂಡಗೆ ಬರೆದಳು:

‘ಸಾಮಾನು ನೋಡಿದೆ. ಇದರ ಜೊತೆ ಇನ್ನೊಂದನ್ನೂ ಗಾಜಿನೊಳಗೆ ಇಡಬಹುದಿತ್ತು. ಅದಕ್ಕೆ ಎರಡು ಕಿವಿ ಇದ್ದರೂ ಉಪಯೋಗ ಏನೆಂದು ಯಾರಿಗೂ ಗೊತ್ತಿಲ್ಲ.’