ಎಲ್ಲಕ್ಕಿಂತ ಗಟ್ಟಿಯಾದ ಕಾರು

ಸ್ವಂತಕ್ಕೊಂದು ಸೈಕಲ್ಲೂ ಇಲ್ಲದವನಿಗೇ ಕಾರುಗಳ ಬಗ್ಗೆ ಅಭಿಪ್ರಾಯ ಜಾಸ್ತಿ ಎಂಬುದಕ್ಕೆ ನಾನೇ ಸಾಕ್ಷಿ. ತೊಂಬತ್ತರ ದಶಕದ ಆರಂಭದಲ್ಲಿ ನಾವು ಗೋವಾದ ವಾಸ್ಕೋ ಊರಿನ ಮಂಗೋರ್ ಹಿಲ್‌ನಲ್ಲಿದ್ದೆವು. ನಾನು ಬಂದರಿನಲ್ಲಿ ಗುಮಾಸ್ತ. ಗೇಟಿನ ಹತ್ತಿರ ಡ್ರೈವರುಗಳು ಆಡುವ ಮಾತನ್ನೆಲ್ಲ ಕೇಳಿಸಿಕೊಂಡು ಬಂದು, ಅಂಬಾಸಿಡರ್ ಎಷ್ಟು ವರ್ಷ ಬಾಳುತ್ತದೆ, ಪದ್ಮಿನಿ ಎಷ್ಟು ದೂರ ಓಡುತ್ತದೆ ಎಂದು ಓಣಿಯವರಿಗೆಲ್ಲ ಹೇಳುತ್ತಿದ್ದೆ. ಅವರು ಯಾರೂ ಕೇಳಿರುತ್ತಿರಲಿಲ್ಲ, ಆ ಮಾತು ಬೇರೆ.

ಹೀಗಿರುವಾಗ ನನ್ನ ಹೆಂಡತಿ ಶಾರದೆಗೆ ಪಣಜಿಯ ಶಾಲೆಯೊಂದರಿಂದ ಸಂದರ್ಶನದ ಕಾಗದ ಬಂತು. ಕನ್ನಡ ಟೀಚರ್ ಕೆಲಸ, ಹತ್ತೂವರೆಗೆ ಹಾಜರಿರಬೇಕು. ಧಾರವಾಡದಲ್ಲಿ ಟಿಸಿಎಚ್ ತರಬೇತಿ ಮುಗಿಸಿ ಐದು ವರ್ಷ ಕಾದವಳು ಅವಳು. “ಏಳರ ಬಸ್ಸಿಗೆ ಹೋಗ್ತೇನ್ರಿ” ಅಂದಳು. ನಾನು ಬಿಡಲಿಲ್ಲ. ಪಕ್ಕದ ಮನೆಯ ಆಂತೋನ್ ತನ್ನ ಪದ್ಮಿನಿಯಲ್ಲಿ ಬಿಟ್ಟುಬರುತ್ತೇನೆಂದ. ನಮ್ಮ ಕಡೆಯವನೇ ಆದ ಟ್ಯಾಕ್ಸಿ ಬಸಪ್ಪ ಅಂಬಾಸಿಡರ್ ತರುತ್ತೇನೆಂದ. ಎರಡು ದಿನ ಅಳೆದು ತೂಗಿ ನಾನು ಅಂಬಾಸಿಡರ್ ಆರಿಸಿದೆ.

ಹೊರಡುವ ದಿನ ಬಸಪ್ಪ ಚಹಾ ಕುಡಿಯುವಷ್ಟರಲ್ಲಿ ನಾನೇ ಬಾನೆಟ್ ಎತ್ತಿ ರೇಡಿಯೇಟರಿನ ನೀರು ನೋಡಿ ಮುಚ್ಚಳ ಹಾಕಿದೆ. ಬಿಗಿಯಾಗಿ ತಿರುಗಿಸಿದೆನೇ? ಈ ಪ್ರಶ್ನೆ ನನಗೆ ಹುಟ್ಟಿದ್ದು ಪಣಜಿಯ ದಾರಿಯಲ್ಲಿ ಜುವಾರಿ ನದಿಯ ಸೇತುವೆಗೆ ಇನ್ನೂ ಒಂದು ಮೈಲಿ ಇರುವಾಗ, ಮುಂದಿನಿಂದ ಬುಸ್ಸೆಂದು ಹಬೆ ಎದ್ದ ಮೇಲೆ. ಗಂಟೆ ಒಂಬತ್ತೂವರೆ.

“ಮುಚ್ಚಳ ಎಲ್ಲೋ ಬಿದ್ದೈತ್ರಿ. ಯಾರ ಮುಟ್ಟಿದ್ರು?” ಅಂದ ಬಸಪ್ಪ. ನಾನು ರಸ್ತೆಯಾಚೆಯ ತೆಂಗಿನ ಮರಗಳನ್ನು ನೋಡುತ್ತ ನಿಂತೆ.

ಶಾರದೆ ಸರ್ಟಿಫಿಕೇಟಿನ ಫೈಲನ್ನು ಎದೆಗವಚಿಕೊಂಡು ರಸ್ತೆ ಬದಿಗೆ ನಿಂತಿದ್ದಳು. ಎರಡು ಬಸ್ಸು ಬಾಗಿಲಲ್ಲಿ ಜನರನ್ನು ಜೋತಾಡಿಸಿಕೊಂಡು ನಿಲ್ಲದೆ ಹೋದವು. ಒಂಬತ್ತು ನಲವತ್ತು. ಬಾಡಿಗೆಗೆ ಜನರನ್ನು ಕೂರಿಸಿಕೊಳ್ಳುವ ಬೈಕಿನ ಪೈಲಟ್ ಒಬ್ಬ ಬಂದ. ಅವಳು ಕೈ ಅಡ್ಡ ಹಿಡಿದು, “ಪಣಜಿ?” ಅಂದಳು. ಅವನು ತಲೆಯಾಡಿಸಿದ.

“ತಡಿ, ಗಾಡಿ ಹ್ಯಾಂಗೈತಿ ನೋಡ್ತೇನಿ” ಅಂದೆ.

“ನೀವು ನೋಡಿದ್ದು ಸಾಕ್ರಿ” ಅಂದಳು, ದನಿ ಏರಿಸದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತೇಬಿಟ್ಟಳು. ಮುಂದೊಂದು ಅದಿರಿನ ಲಾರಿ, ಹಿಂದೊಂದು. ನಡುವೆ ಅವಳ ಹಸಿರು ಸೀರೆ ಕಾಣದಾಗುವವರೆಗೂ ನಾನು ಅಲ್ಲೇ ನಿಂತು ನೋಡಿದೆ.

ಬಸಪ್ಪನನ್ನು ಗಾಡಿಯ ಹತ್ತಿರ ಬಿಟ್ಟು ನಾನು ಮನೆಗೆ ಮರಳಿದೆ. ಮನೆಯಲ್ಲಿ ಫೋನಿಲ್ಲ. ಕೆಲಸಕ್ಕೆ ರಜೆ ಹಾಕಿದ್ದೆ. ಕೆಳಗೆ ಬಸ್ಸು ನಿಂತ ಸದ್ದಾದಾಗಲೆಲ್ಲ ಬಾಗಿಲಿಗೆ ಓಡಿದೆ. ಪ್ರಾಯಶ್ಚಿತ್ತಕ್ಕೆಂಬಂತೆ ಸಂಜೆ ಅನ್ನಕ್ಕಿಟ್ಟೆ. ಆರು ಗಂಟೆಗೆ ಅವಳು ಬಂದಳು. ಕೂದಲೆಲ್ಲ ಕೆಂಪು ಧೂಳು. ಒಂದು ತಂಬಿಗೆ ನೀರು ಕುಡಿದಳು.

“ಏನಾತು?”

“ಸೋಮವಾರದಿಂದ ಬರ್ರಿ ಅಂದಾರ.”

ನಾನು ಹೊಸ್ತಿಲ ಮೇಲೇ ಕೂತೆ. ತಪ್ಪಾಯ್ತು ಅನ್ನಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಆದರೆ ಬಾಯಿಂದ ಬಂದದ್ದು, “ಆ ಬೈಕು ಯಾವ ಕಂಪನೀದು?”

“ನೋಡಲಿಲ್ರಿ. ನಡೀತಿತ್ತು, ಹತ್ತಿದೆ.”

ಅವಳು ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ನಾನು ಆ ಬೈಕಿನ ಸದ್ದು ನೆನಪಿಸಿಕೊಳ್ಳುತ್ತ, ಯಾವುದಿರಬಹುದು, ಎಷ್ಟು ವರ್ಷ ಬಾಳಿಕೆ ಬಂದೀತು ಎಂದು ಯೋಚಿಸುತ್ತ ಅಲ್ಲೇ ಕೂತಿದ್ದೆ, ಒಳಗಿನಿಂದ ಅನ್ನ ಸೀದ ವಾಸನೆ ಬರುವವರೆಗೂ.