ಹದಿನೆಂಟೂವರೆ ಜನರ ಜಲವಿಹಾರ

ಪಣಜಿಯ ಬೋಟಿನಲ್ಲಿ ಆ ಸಂಜೆ ನಡೆದದ್ದನ್ನು ನಾನು ಇಷ್ಟರಲ್ಲಿ ಮೂವತ್ತು ಸಲವಾದರೂ ಹೇಳಿರಬಹುದು. ಪ್ರತಿ ಸಲವೂ ಸ್ವಲ್ಪ ಬೇರೆ ಥರ ಹೇಳುತ್ತೇನೆಂದು ನನ್ನ ಹೆಂಡತಿಯ ದೂರು. ಹುಡುಕಾಟ ನಡೆದದ್ದು ಐದು ನಿಮಿಷವೋ ಇಪ್ಪತ್ತು ನಿಮಿಷವೋ, ಆಗ ಹಾಡುತ್ತಿದ್ದದ್ದು ಗಂಡಸೋ ಹೆಂಗಸೋ, ನಾನು ಓಡುತ್ತಿದ್ದೆನೋ ನಗುತ್ತಿದ್ದೆನೋ, ಬರೀ ನೆನಪನ್ನು ನಂಬಿ ಯಾವುದನ್ನೂ ಪ್ರಮಾಣ ಮಾಡಿ ಹೇಳಲಾರೆ. ಮೈಸೂರಿನಲ್ಲಿ ಇತಿಹಾಸ ಎಂ.ಎ. ಓದಿದವನು ನಾನು. ಎರಡು ಸಾಕ್ಷಿ ಸಿಗದೆ ಏನನ್ನೂ ನಂಬಬೇಡ ಎಂದು ಅಲ್ಲಿ ಕಲಿಸಿದ್ದರು. ಮೂಡಿಗೆರೆಗೆ ಬಂದು ಕಾಫಿ ನೋಡಿಕೊಂಡು ಇಪ್ಪತ್ತು ವರ್ಷವಾಯಿತು. ಈಗ ಆ ಪಾಠವನ್ನು ಪ್ರಯೋಗಿಸಲು ಉಳಿದಿರುವುದು ನನ್ನ ನೆನಪು ಮಾತ್ರ.

ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಮನುಷ್ಯರನ್ನು ಅರ್ಧರ್ಧ ಮಾಡಿ ಎಣಿಸುವ ಮಹನೀಯರು ನಮ್ಮ ಜಿಲ್ಲೆಯಲ್ಲಿ ಒಬ್ಬರೇ ಇರುವುದು. ಅವರು ನಮ್ಮ ಮಾವ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಆಲ್ದೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಮೂವತ್ತೈದು ವರ್ಷ ರೈಟರಾಗಿದ್ದರು. ಕಥೆ ಕವನ ಬರೆಯುವ ರೈಟರಲ್ಲ. ಬೆಳಿಗ್ಗೆ ಏಳೂವರೆಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಹಿಡಿಯುವ ರೈಟರು. ಇಡೀ ದಿನ ದುಡಿದವರು ಒಂದು ಆಳು, ಮಧ್ಯಾಹ್ನಕ್ಕೆ ಮನೆಗೆ ಹೋದವರು ಅರ್ಧ ಆಳು. ನಿವೃತ್ತಿಯಾದ ಮೇಲೆ ಆಳುಗಳು ಹೋದರು, ಎಣಿಸುವ ಚಟ ಉಳಿಯಿತು. ಆ ಚಟಕ್ಕೆ ಬಲಿಯಾದವರು ನೆಂಟರು. ನಾಲ್ಕು ಜನ ಎಲ್ಲಿಗಾದರೂ ಹೊರಟರೆ ಸಾಕು, ಮಾವನ ತೋರುಬೆರಳು ಗಾಳಿಯಲ್ಲಿ ಕುಣಿಯತೊಡಗುತ್ತದೆ. ದೊಡ್ಡವರು ಒಂದು, ಹನ್ನೆರಡು ವರ್ಷದೊಳಗಿನವರು ಅರ್ಧ.

"ಮಕ್ಕಳು ಅರ್ಧ ಹೇಗಾಗ್ತಾರೆ ಮಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಬಸ್ಸಿನ ಕಂಡಕ್ಟರ್ ಅರ್ಧ ಅಂದ್ರೆ ಒಪ್ಕೊಳ್ತಿ. ಮದುವೆ ಅಡುಗೆಯವ್ರು ಅರ್ಧ ಅಂದ್ರೂ ಒಪ್ಕೊಳ್ತಿ. ನಾನು ಅಂದ್ರೆ ಮಾತ್ರ ಎಂತ ಮಾರಾಯ ನಿಂಗೆ ತಕರಾರು?"

ಕಳಸದಲ್ಲಿ ಒಂದು ಮದುವೆ ಮುಗಿಸಿ ನಮ್ಮ ಕಡೆಯ ಬಸ್ಸು ವಾಪಸು ಬರುತ್ತಿತ್ತು. ಬಾಳೆಹೊನ್ನೂರು ದಾಟಿದ ಮೇಲೆ ಮಾವ ಎದ್ದು ನಿಂತು, "ಒಂದು ಜಾಸ್ತಿ" ಎಂದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಾವ ಬಸ್ಸು ನಿಲ್ಲಿಸಿದರು. ಕೊನೆಯ ಸೀಟಿನಲ್ಲಿ ಗಂಡಿನ ಕಡೆಯ ಅಜ್ಜ ಒಬ್ಬರು, ಊಟದ ಮೇಲೆ ನೆರಳಿಗೆಂದು ಹತ್ತಿದವರು, ಬಾಯಿ ತೆರೆದು ನಿದ್ರಿಸುತ್ತಿದ್ದರು. ಎಬ್ಬಿಸಿದಾಗ ಅವರು ಕೇಳಿದ್ದು, "ಹೊರನಾಡು ಬಂತಾ?"

ಇನ್ನೊಂದು ಸಲ ಅಜ್ಜನ ತಮ್ಮ ತೀರಿಕೊಂಡಿದ್ದರು. ಸ್ಮಶಾನದಿಂದ ಎಲ್ಲರೂ ತಲೆ ತಗ್ಗಿಸಿ ಬರುತ್ತಿದ್ದಾಗ ಮಾವ ಗೇಟಿನ ಹತ್ತಿರ ಗಕ್ಕನೆ ನಿಂತರು. "ಹೋಗುವಾಗ ಮೂವತ್ತೊಂದಿತ್ತು. ಈಗ ಮೂವತ್ತೇ ಇದೆ." ಆಮೇಲೆ ಅವರಿಗೇ ಹೊಳೆದು ಬೆರಳು ಮಡಚಿದರು. ಆ ದಿನ ನಗಬಾರದಿತ್ತು. ನಕ್ಕೆವು.

ಇಂಥವರನ್ನು ಕಟ್ಟಿಕೊಂಡು ನಾವು ಗೋವಾಕ್ಕೆ ಹೋದದ್ದು ಹೋದ ವರ್ಷದ ಹಿಂದಿನ ವರ್ಷ. ಕಾಫಿ ಕೊಯ್ಲು ಮುಗಿದಿತ್ತು, ಹೂಮಳೆ ಬಂದಿರಲಿಲ್ಲ. ಬೇಸಗೆಯ ಶುರುವಿಗೆ ಒಂದು ಮಳೆ ಚೆನ್ನಾಗಿ ಬಿದ್ದರೆ ಕಾಫಿ ಗಿಡವೆಲ್ಲ ಬೆಳ್ಳಗೆ ಹೂವಾಗುತ್ತದೆ. ಆ ಮಳೆ ತಪ್ಪಿದರೆ ವರ್ಷದ ಬೆಳೆಯೇ ತಪ್ಪಿದ ಹಾಗೆ. ಆದ್ದರಿಂದ ಆ ದಿನಗಳಲ್ಲಿ ನಮ್ಮ ಕಡೆಯವರು ದೇಹವನ್ನು ಎಲ್ಲಿಗೆ ಬೇಕಾದರೂ ಕೊಂಡೊಯ್ದಾರು, ಕಣ್ಣು ಮಾತ್ರ ಮೂಡಿಗೆರೆಯ ಆಕಾಶದ ಮೇಲಿರುತ್ತದೆ. ಮಂಡಿನೋವಿನ ಅಮ್ಮ ಮನೆಯಲ್ಲೇ ಉಳಿದಳು. ಉಳಿದ ನೆಂಟರೆಲ್ಲ ಸೇರಿ ಮಿನಿ ಬಸ್ಸಿನಲ್ಲಿ ದೊಡ್ಡವರು ಹದಿನೇಳು, ಮಕ್ಕಳು ಮೂರು. ಮಾವನ ಪ್ರಕಾರ ಹದಿನೆಂಟೂವರೆ. ಆ ಮೂರು ಅರ್ಧಗಳಲ್ಲಿ ಒಂದು ನನ್ನ ಮಗಳು ಪುಟ್ಟಿ, ಆಗ ಆರು ವರ್ಷ.

ಎರಡನೆಯ ದಿನ ಸಂಜೆ ಮಾಂಡವಿ ಹೊಳೆಯಲ್ಲಿ ಜಲವಿಹಾರ. ಎರಡಂತಸ್ತಿನ ಬೋಟು, ಮೈತುಂಬ ಬಣ್ಣದ ದೀಪ. ಮೇಲಂತಸ್ತಿನಲ್ಲಿ ಹಾಡು ಕುಣಿತ, ಆಮೇಲೆ ಊಟ, ನಡುವೆ ದಡದಲ್ಲಿ ಪಣಜಿಯ ದೀಪಗಳ ದರ್ಶನ. ಹತ್ತುವ ಮುಂಚೆ ನನ್ನ ಹೆಂಡತಿ ನೀರು ನೋಡಿ ಪುಟ್ಟಿಯ ಕೈ ಬಿಗಿ ಹಿಡಿದಳು. "ಇವಳಿಗೆ ಈಜು ಬರಲ್ಲ, ನಮಗೂ ಬರಲ್ಲ."

"ನಾನಿದ್ದೀನಲ್ಲ ಮಗ, ಎಂತಕ್ಕೆ ಹೆದರ್ತಿ?" ಎಂದರು ಮಾವ. "ಕಳಸದಲ್ಲಿ ಮಳೆಗಾಲದ ಭದ್ರಾ ಹೊಳೆಯನ್ನ ಈಜಿ ದಾಟಿ, ಆಚೆ ದಡದಲ್ಲಿ ಕೂತು ಒಂದು ಬೀಡಿ ಸೇದಿ, ಮತ್ತೆ ಈಜಿ ಬಂದವನು ನಾನು."

"ಬೀಡಿ ಒದ್ದೆಯಾಗಲಿಲ್ವಾ ಮಾವ?" ಎಂದೆ.

"ಬಾಯಲ್ಲಿ ಕಚ್ಕೊಂಡಿದ್ದೆ."

"ಬೆಂಕಿಪೊಟ್ಟಣ?"

ಮಾವ ಬೋಟಿನ ಕಡೆ ತಿರುಗಿದರು. "ನಿನ್ನನ್ನ ಎಂ.ಎ. ಓದಿಸಬಾರದಿತ್ತು ಮಾರಾಯ."

ಬೋಟು ಹೊರಟಿತು. ಕುಣಿತದ ಗುಂಪು ಬಂದು ಕುಣಿದು ಹೋಯಿತು. ಒಬ್ಬ ಗಾಯಕ ಬಂದ, ಅಥವಾ ಗಾಯಕಿ. ಸ್ಪೀಕರಿನ ಸದ್ದಿಗೆ ನನ್ನ ಕೈಯಲ್ಲಿದ್ದ ಲೋಟದ ನೀರು ನಡುಗುತ್ತಿತ್ತು. ದಡದಲ್ಲಿ ನಗರ ದೀಪ ಹಚ್ಚಿಕೊಂಡು ನಿಧಾನ ಹಿಂದಕ್ಕೆ ಸರಿಯುತ್ತಿತ್ತು. ಇಷ್ಟು ದುಡ್ಡು ಕೊಟ್ಟಿದ್ದೇವೆ, ನೋಡೋಣ ಎಂದು ನಾವೆಲ್ಲ ಅದನ್ನು ನೋಡಲು ತೊಡಗಿದೆವಷ್ಟೆ, ಯಾರದೋ ಫೋನು ಬಡಿದುಕೊಂಡಿತು.

ಆಲ್ದೂರಿನಲ್ಲಿ ಮಳೆ.

ಅಲ್ಲಿಗೆ ಪಣಜಿ ಮುಗಿಯಿತು. ನಮ್ಮ ಕಡೆಯವರೆಲ್ಲ ಒಂದೊಂದು ಫೋನು ಹಿಡಿದು, ಸಿಗ್ನಲ್ ಸಿಗುವ ಬದಿಯ ಕಂಬಿಗೆ ಜೋತುಬಿದ್ದರು. ಬೋಟು ಆ ಕಡೆಗೆ ವಾಲಿತೆಂದು ನನ್ನ ನೆನಪು. ಅದು ಸುಳ್ಳೆಂದು ನನ್ನ ಹೆಂಡತಿ.

"ಎಷ್ಟು ಸೆಂಟು? ಎಂಬತ್ತಾ? ಗೇಜು ಸರಿ ನೋಡಿದ್ಯಾ?"

"ಮೂಡಿಗೆರೆಗೆ ಬಂತಾ? ಗುಡುಗು ಮಾತ್ರನಾ? ಥೂ."

"ಹೊರಗೆ ಹೋಗಿ ನೋಡಿ ಹೇಳೆ. ಕೊಡೆ ತಗೊಂಡು ಹೋಗು."

ನೂರು ಸೆಂಟಿಗೆ ಒಂದು ಇಂಚು ಮಳೆ. ಆ ಸೆಂಟುಗಳ ಕೂಗಾಟದಲ್ಲಿ ಹಾಡುವವರೇ ಒಂದು ಕ್ಷಣ ತಿರುಗಿ ನೋಡಿದರು. ಕಂಬಿಗೆ ಜೋತುಬಿದ್ದವರಲ್ಲಿ ನಾನೂ ಒಬ್ಬ. ನನ್ನ ಮೇಸ್ತ್ರಿ ಫೋನೆತ್ತುತ್ತಿರಲಿಲ್ಲ. ಇಡೀ ಗುಂಪಿನಲ್ಲಿ ಫೋನು ಹಿಡಿಯದೆ ನಿಂತವರು ಮಾವ ಒಬ್ಬರೇ. ಅವರಿಗೆ ಸ್ವಂತದ್ದೊಂದು ಕಾಫಿ ಗಿಡವೂ ಇಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಅವರು ತೋರುಬೆರಳು ಎತ್ತಿದರು.

"ಹದಿನೆಂಟು" ಎಂದರು. ಇನ್ನೊಮ್ಮೆ ಎಣಿಸಿದರು. "ಹದಿನೆಂಟೇ. ಅರ್ಧ ಕಮ್ಮಿ."

ಎಲ್ಲರೂ ನಕ್ಕರು. ಇಲ್ಲಿಂದ ಮುಂದೆ ನನ್ನ ನೆನಪಿಗೂ ಹೆಂಡತಿಯ ನೆನಪಿಗೂ ಜಗಳ. ನನ್ನ ನೆನಪಿನಲ್ಲಿ ನಾನು ತಕ್ಷಣ ಫೋನು ಕೆಳಗಿಟ್ಟು ಸುತ್ತ ನೋಡಿದೆ. ಅವಳ ಪ್ರಕಾರ ನಾನು ಫೋನು ಕಿವಿಯಲ್ಲೇ ಇಟ್ಟುಕೊಂಡು, "ಯಾವ ಅರ್ಧ ಕಮ್ಮಿ ಮಾವ, ಸೊಂಟದ ಮೇಲಿನದ್ದಾ ಕೆಳಗಿನದ್ದಾ?" ಎಂದು ಎಲ್ಲರಿಗಿಂತ ಜೋರಾಗಿ ನಕ್ಕೆ. ಸಾಕ್ಷಿಗಳ ಸಂಖ್ಯೆ ಅವಳ ಕಡೆಗೇ ಹೆಚ್ಚಿದೆ. ಆ ಮಾತು ನಾನು ಆಡುವಂಥದ್ದೇ ಎಂಬುದೂ ನಿಜ.

ಮಾವ ನಗಲಿಲ್ಲ. "ಪುಟ್ಟಿ ಎಲ್ಲಿ?" ಎಂದರು.

ನಾನು ಹೆಂಡತಿಯನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ನಾನು ಅವಳ ಹತ್ತಿರ ಇದ್ದಾಳೆಂದುಕೊಂಡಿದ್ದೆ, ಅವಳು ನನ್ನ ಹತ್ತಿರ ಎಂದುಕೊಂಡಿದ್ದಳು. ನಮ್ಮಿಬ್ಬರ ನಡುವೆ ಕುರ್ಚಿಯ ಮೇಲೆ ಪುಟ್ಟಿಯ ಟೋಪಿ ಮಾತ್ರ ಇತ್ತು.

ಆಮೇಲೆ ಎಲ್ಲರೂ ಎಲ್ಲ ಕಡೆಗೆ ಓಡಿದರು. ಮಾವ ನೇರ ವೇದಿಕೆ ಹತ್ತಿ, ಹಾಡುತ್ತಿದ್ದವರ ಕೈಯಿಂದ ಮೈಕು ತೆಗೆದುಕೊಂಡರು. ಮೂವತ್ತೈದು ವರ್ಷ ಇನ್ನೂರು ಆಳುಗಳನ್ನು ಮೈಕಿಲ್ಲದೆ ನಿಲ್ಲಿಸಿದ ಗಂಟಲು ಅದು. "ಎಲ್ಲರೂ ನಿಂತಲ್ಲೇ ನಿಲ್ಲಿ. ಯಾರೂ ಅಲ್ಲಾಡಬಾರದು" ಎಂದು ಕನ್ನಡದಲ್ಲಿ ಗರ್ಜಿಸಿದರು. ಬೋಟಿನಲ್ಲಿದ್ದ ನೂರಾರು ಪ್ರವಾಸಿಗಳು ಇದು ಮುಂದಿನ ಐಟಂ ಎಂದುಕೊಂಡು ಚಪ್ಪಾಳೆ ತಟ್ಟಿದರು. ನಿರೂಪಕ ಓಡಿ ಬಂದು ವಿಷಯ ತಿಳಿದು ಹಿಂದಿಯಲ್ಲಿ ಹೇಳಿದ ಮೇಲೆ ಚಪ್ಪಾಳೆ ನಿಂತಿತು. ಸ್ಪೀಕರೂ ನಿಂತಿತು.

ಆ ಮೌನದಲ್ಲಿ ನೀರಿನ ಸದ್ದು ಕೇಳಿಸಿತು. ಅದೊಂದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಅದುವರೆಗೆ ಅಷ್ಟು ಚಂದ ಕಾಣುತ್ತಿದ್ದ ಪಣಜಿಯ ದೀಪಗಳು ಕಪ್ಪು ನೀರಿನ ಮೇಲೆ ಒಡೆದು ಒಡೆದು ಬೀಳುತ್ತಿದ್ದವು. ಒಂದೊಂದು ಬಿಳಿ ಚೂರೂ ನನ್ನ ಕಣ್ಣಿಗೆ ಅವಳ ಫ್ರಾಕಿನ ಹಾಗೆ ಕಾಣುತ್ತಿತ್ತು.

ಪುಟ್ಟಿ ಸಿಕ್ಕಿದ್ದು ಕೆಳಗಿನ ಅಂತಸ್ತಿನಲ್ಲಿ. ಮೇಲಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಇಳಿದು ಹೋದವಳು, ಲೈಫ್ ಜಾಕೆಟ್ಟುಗಳನ್ನು ರಾಶಿ ಹಾಕಿದ್ದ ಮೂಲೆಯಲ್ಲಿ ಅವುಗಳ ಮೇಲೇ ಮಲಗಿ ನಿದ್ದೆ ಹೋಗಿದ್ದಳು. ಕುಣಿತದ ಗುಂಪಿನ ಹೆಂಗಸೊಬ್ಬಳು ತನ್ನ ಶಾಲು ಹೊದೆಸಿ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಆ ಹೊತ್ತಿನಲ್ಲಿ ಇಡೀ ಬೋಟಿನಲ್ಲಿ ಅತ್ಯಂತ ಸುರಕ್ಷಿತವಾಗಿದ್ದ ಪ್ರಯಾಣಿಕರು ಯಾರೆಂದು ಬೇರೆ ಹೇಳಬೇಕೆ? "ಸಿಕ್ಕಿದಳು" ಎಂದು ನನ್ನ ಹೆಂಡತಿ ಕೂಗಿದ್ದು ಆಚೆ ದಡಕ್ಕೂ ಕೇಳಿಸಿರಬೇಕು. ಎತ್ತಿಕೊಂಡಾಗ ಪುಟ್ಟಿ ಅರೆಗಣ್ಣು ತೆರೆದು, "ಊಟ ಬಂತಾ?" ಎಂದಳು.

ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಅಂಥ ಹಗುರವನ್ನು ಅದಕ್ಕೆ ಮುಂಚೆ ಯಾವ ಮಳೆಯೂ ನನಗೆ ತಂದುಕೊಟ್ಟಿರಲಿಲ್ಲ. ಎಲ್ಲೋ ಹಿಂದಿನಿಂದ ಮಾವ ಬಂದರು. ಪುಟ್ಟಿಯ ತಲೆ ಮೇಲೆ ಕೈಯಿಟ್ಟು, "ಹದಿನೆಂಟೂವರೆ" ಎಂದರು.

ಊಟ ಬಂತು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡೆವು. ಮೇಸ್ತ್ರಿ ಫೋನು ಮಾಡಿ ಮೂಡಿಗೆರೆಯಲ್ಲಿ ಎಪ್ಪತ್ತು ಸೆಂಟು ಎಂದ. "ಆಯ್ತು, ಮಲಗು" ಎಂದೆ. ಅವನು ಗಾಬರಿಯಾದ.

ದಡಕ್ಕೆ ಇಳಿದು ಬಸ್ಸಿನ ಕಡೆ ನಡೆಯುವಾಗ ಅತ್ತೆ ತಟ್ಟನೆ ನಿಂತರು. "ರೀ, ನಿಮ್ಮ ಶೂ ಎಲ್ಲಿ?"

ಮಾವ ಬರಿಗಾಲಲ್ಲಿ ನಿಂತಿದ್ದರು. ಗೋವಾಕ್ಕೆಂದೇ ಚಿಕ್ಕಮಗಳೂರಿನಲ್ಲಿ ಕೊಂಡ ಹೊಸ ಶೂ. ಬೋಟು ಆಗಲೇ ಮುಂದಿನ ಟ್ರಿಪ್ಪಿನ ಜನರನ್ನು ತುಂಬಿಕೊಂಡು ಹೊರಟಿತ್ತು.

"ಕಚ್ಚುತ್ತಿತ್ತು. ಬಿಚ್ಚಿಟ್ಟೆ. ಮರೆತೆ."

"ಹದಿನೆಂಟೂವರೆ ಜನ ನೆನಪಿರ್ತಾರೆ, ಎರಡು ಶೂ ನೆನಪಿರಲ್ಲ ಇವ್ರಿಗೆ" ಎಂದರು ಅತ್ತೆ.

ಆಮೇಲೆ ಎರಡು ವರ್ಷ ನಾವು ಆ ಶೂಗಳ ಮೇಲೆಯೇ ಬದುಕಿದೆವು. ಯಾರ ಮನೆಗೆ ಮಾವ ಹೋದರೂ, "ಶೂ ಒಳಗೇ ತನ್ನಿ ಮಾವ, ಎಣಿಸಿಕೊಂಡು ಕೊಡ್ತೀವಿ" ಎನ್ನುವುದು ಪದ್ಧತಿಯಾಯಿತು. ಅವರೂ ನಗುತ್ತಿದ್ದರು.

ಹೋದ ತಿಂಗಳು ನನ್ನ ಫೋನು ತುಂಬಿಹೋಗಿ, ಹಳೆಯ ವೀಡಿಯೋಗಳನ್ನು ಅಳಿಸುತ್ತಾ ಕೂತಿದ್ದೆ. ಆ ಸಂಜೆಯದ್ದೊಂದು ಸಿಕ್ಕಿತು. ಹಾಡಿನ ವೀಡಿಯೋ ಎಂದು ನನ್ನ ತಂಗಿ ನಮ್ಮ ಮನೆಯವರ ಗ್ರೂಪಿಗೆ ಹಾಕಿದ್ದು. ಆರು ನಿಮಿಷದ್ದನ್ನು ಕೊನೆಯವರೆಗೆ ಯಾರು ನೋಡುತ್ತಾರೆ? ನಾನು ನೋಡಿದೆ. ಹಾಡು ಬರುತ್ತದೆ (ಹಾಡುವವರು ಹೆಂಗಸು, ಗಂಡಸೆಂದು ವಾದಿಸಿದ್ದ ನಾನು ಸೋತೆ), ಮಾವನ ಗರ್ಜನೆ ಬರುತ್ತದೆ, ಚಪ್ಪಾಳೆ ಬರುತ್ತದೆ. ಆಮೇಲೆ ತಂಗಿ ಫೋನು ನಿಲ್ಲಿಸುವುದನ್ನು ಮರೆತು ಓಡಿದ್ದಾಳೆ. ಕುರ್ಚಿಯ ಕಾಲು, ಯಾರದೋ ಸೀರೆ, ಮೆಟ್ಟಿಲು ಎಲ್ಲ ಓಡುತ್ತವೆ. ಒಂದು ಕಡೆ, ನಾಲ್ಕೈದು ಸೆಕೆಂಡು, ಬೋಟಿನ ಹಿಂಭಾಗ ಕಾಣುತ್ತದೆ. ಅಲ್ಲಿ ಕಂಬಿಯ ಹತ್ತಿರ ಎರಡು ಶೂಗಳು, ದೇವಸ್ಥಾನದ ಬಾಗಿಲಲ್ಲಿ ಬಿಡುವ ಹಾಗೆ ಜೋಡಿಸಿಟ್ಟಿವೆ. ಕಾಲುಚೀಲ ಮಡಚಿ ಅವುಗಳೊಳಗೆ ಇಟ್ಟಿದೆ. ಮಾವ ಒಂದು ಕಾಲನ್ನು ಕೆಳಗಿನ ಕಂಬಿಯ ಮೇಲಿಟ್ಟು, ಬೋಟು ಹಿಂದೆ ಬಿಟ್ಟುಬಂದ ನೀರನ್ನೇ ನೋಡುತ್ತಾ, ಪ್ಯಾಂಟನ್ನು ಮೊಣಕಾಲಿನ ತನಕ ಮಡಚುತ್ತಿದ್ದಾರೆ.

ಮಡಚುತ್ತಿದ್ದಾರೆ! ಗದ್ದೆಗೆ ಇಳಿಯುವವರ ಹಾಗೆ.

ವೀಡಿಯೋ ನಿಲ್ಲಿಸಿ ಮತ್ತೆ ಮತ್ತೆ ನೋಡಿದೆ. ತುಂಬಿದ ಭದ್ರೆಯನ್ನು ಎರಡು ಸಲ ದಾಟಿದವರು ಹೊಳೆಗೆ ಹಾರುವ ಮುಂಚೆ ಪ್ಯಾಂಟು ಮಡಚುತ್ತಾರೆಯೇ? ಆ ಭಾನುವಾರವೇ ಆಲ್ದೂರಿಗೆ ಹೋದೆ. ಮಾವ ಜಗಲಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ಸ್ಕೂಲ್ ಮಕ್ಕಳನ್ನು, ಎಂದರೆ ಅರ್ಧಗಳನ್ನು, ಕೂಡಿಸುತ್ತಿದ್ದರು ಎಂದು ಬರೆಯಲು ಆಸೆ. ಆದರೆ ಅದು ಭಾನುವಾರ. ಅವರು ಕಾಫಿ ಕುಡಿಯುತ್ತಿದ್ದರು.

"ಮಾವ, ನಿಜ ಹೇಳಿ. ನಿಮಗೆ ಈಜು ಬರ್ತದಾ?"

ಅವರು ಲೋಟ ಕೆಳಗಿಟ್ಟರು. ನಾನು ಯಾಕೆ ಕೇಳಿದೆನೆಂದು ಅವರು ಕೇಳಲಿಲ್ಲ. "ಅರ್ಧ ಬರ್ತದೆ ಮಾರಾಯ" ಎಂದರು.

ಒಂದೇ ಸಾಕ್ಷಿ. ಮೂಡಿಗೆರೆಗೆ ಬಂದು ಅಮ್ಮನನ್ನು ಕೇಳಿದೆ. ಕಳಸದಲ್ಲಿ ಹೊಳೆಯ ಬದಿಗೇ ಇಬ್ಬರೂ ಬೆಳೆದವರು.

"ಅವನಾ? ಈಜಾ?" ಎಂದು ಅಮ್ಮ ನಕ್ಕಳು. "ನಾವೆಲ್ಲ ಹೊಳೆಗೆ ಬಿದ್ದರೆ ಅವನು ದಡದಲ್ಲಿ ನಮ್ಮ ಬಟ್ಟೆ ಕಾಯ್ತಾ ಕೂರ್ತಿದ್ದ. ನೀರು ಅಂದ್ರೆ ಅಷ್ಟು ಹೆದರಿಕೆ. ಮುಳುಗಿದವ್ರು ಎಷ್ಟು, ಎದ್ದವ್ರು ಎಷ್ಟು ಅಂತ ಎಣಿಸ್ತಾನೇ ಇರ್ತಿದ್ದ. ಲೆಕ್ಕ ಸರಿಯಾಗೋ ತನಕ ಅಳ್ತಿದ್ದ."

ಆ ಸಂಜೆಯ ಬಗ್ಗೆ ನಾನು ಹೇಳಿದ್ದರಲ್ಲಿ ಎಷ್ಟು ನಿಜ, ಎಷ್ಟು ನನ್ನ ಕೈಚಳಕ ಎಂದು ಈಗಲೂ ಗೊತ್ತಿಲ್ಲ. ಇದೊಂದನ್ನು ಮಾತ್ರ ವಿಚಾರಿಸಿ ಖಚಿತ ಮಾಡಿಕೊಂಡಿದ್ದೇನೆ. ನಮ್ಮ ಮಾವನಿಗೆ ಈಜು ಬರುವುದಿಲ್ಲ. ಅರ್ಧವೂ ಬರುವುದಿಲ್ಲ.