ಚೌತಿ ಚಂದ್ರ ಮತ್ತು ತುಳಪುಳೆಯವರ ಚಹಾ

ಎಲ್ಲಾ ಆ ಚಂದ್ರನದೇ ಕಿತಾಪತಿ. ಚೌತಿಯ ಸಂಜೆ ಪೊಂಕ್ಷೆಯವರು ಒಣಹಾಕಿದ ಧೋತರ ತರಲು ಕನ್ನಡಕವಿಲ್ಲದೆ ಮೇಲಿನ ಗಚ್ಚಿಗೆ ಹೋಗಿದ್ದರು. ಧೋತರ ಎಳೆದರೆ ಅದರ ಹಿಂದೆಯೇ ಬೆಳ್ಳಗೆ, ದುಂಡಗೆ, ಜೋಳದ ಬಿಸಿ ಭಾಕರಿಯ ಹಾಗೆ ಹೊಳೆಯುತ್ತಿದ್ದ! "ಅಯ್ಯೋ ಗಜಾನನಾ!" ಎಂದು ಎರಡೂ ಕೆನ್ನೆ ಬಡಿದುಕೊಂಡು ಕೆಳಗೋಡಿದರು.

ಆ ದಿನ ಚಂದ್ರನನ್ನು ನೋಡಿದರೆ ಕಳ್ಳತನದ ಅಪವಾದ ಬಿಡುವುದುಂಟೆ? ಕೃಷ್ಣನನ್ನೇ ಬಿಡಲಿಲ್ಲ. ಅದೂ ಎಂಥ ಹೊತ್ತಿನಲ್ಲಿ! ಪುಣೆಯ ಸದಾಶಿವ ಪೇಠೆಯಲ್ಲಿ ಒಂದೇ ಅಂಗಳ, ಒಂದೇ ಗಚ್ಚು ಹಂಚಿಕೊಂಡ ಹತ್ತು ಮನೆಗಳ ಅವರ ವಾಡೆಯ ಗಣಪತಿಗೆ ಬೆಳ್ಳಿ ಕಿರೀಟವಿದೆ, ಬೆಳ್ಳಿ ಇಲಿಯಿದೆ. ಅವುಗಳನ್ನಿಟ್ಟ ಪೆಟ್ಟಿಗೆಯ ಕೀಲಿಕೈ ಇರುವುದು ಪೊಂಕ್ಷೆಯವರ ಜನಿವಾರದಲ್ಲಿ. ಅದು ಹೋದರೆ ವಾಡೆಯಲ್ಲಿ ಅವರನ್ನು ಮೂಸಿ ನೋಡುವವರೂ ಇಲ್ಲ.

"ನೆರೆಮನಿಯವರ ಕಡೆ ಬೈಸ್ಕೊಳ್ರಿ, ದೋಷ ಹೋಗ್ತದ," ಎಂದರು ಹೆಂಡತಿ ಮಂದಾತಾಯಿ. "ತುಳಪುಳೆ ಇದ್ದಾರಲ್ಲ!"

ಸರಿಯಾದ ಮಾತು. ಎದುರುಮನೆಯ ತುಳಪುಳೆ, ಯಾರಾದರೂ ಸೀನಿದರೂ ಬೈಯುವ ಮನುಷ್ಯ. ಮರುದಿನ ಬೆಳಿಗ್ಗೆ ಪೊಂಕ್ಷೆಯವರು ಒಂದು ಬಕೀಟು ನೀರು ತಂದು ತುಳಪುಳೆಯವರ ಬಾಗಿಲ ರಂಗೋಲಿಯ ಮೇಲೆ ಸುರಿದು, ಕಣ್ಣು ಮುಚ್ಚಿ ಕಾದರು.

"ಇರ್ಲಿ ಬಿಡ್ರಿ," ಎಂದರು ತುಳಪುಳೆ, ಪೇಪರಿನಿಂದ ತಲೆಯೆತ್ತಿ. "ಮಳಿ ಬಂದಿದ್ರೂ ಹೋಗ್ತಿತ್ತು."

ಪೊಂಕ್ಷೆಯವರು ಖಾಲಿ ಬಕೀಟು ಹಿಡಿದು ಮನೆಗೆ ಮರಳಿದರು. ಮಧ್ಯಾಹ್ನ, ಇಡೀ ಪೇಠೆ ನಿದ್ದೆ ಹೊಡೆಯುವ ಹೊತ್ತಿಗೆ ಹೋಗಿ ದಬದಬ ಬಾಗಿಲು ಬಡಿದರು. ಆ ಹೊತ್ತಿನಲ್ಲಿ ಬಾಗಿಲು ಬಡಿದ ಅಳಿಯನನ್ನೇ ತುಳಪುಳೆ ಬೈದು ಅಟ್ಟಿದ್ದುಂಟು.

"ಬರ್ರಿ ಬರ್ರಿ, ಚಹಾ ಕುಡೀತೀರೇನು?"

ಚಹಾ! ತುಳಪುಳೆಯವರ ಮನೆಯಲ್ಲಿ! ಪೊಂಕ್ಷೆಯವರು ಹಿಂದೆ ನೋಡದೆ ಮನೆಗೆ ಓಡಿಬಂದರು.

"ಏನೋ ಮಾಡ್ಯಾರ ನೋಡ್ರಿ," ಎಂದರು ಮಂದಾತಾಯಿ. "ಸುಮ್ಮಸುಮ್ಮನ ಯಾರಾರ ಹಿಂಗ ಚಂದಾಗಿ ಮಾತಾಡ್ತಾರೇನು?" ಗಂಡ ಹೆಂಡತಿ ಸೇರಿ ತುಪ್ಪದ ಡಬ್ಬಿ ಮೂಸಿದರು, ಹಿತ್ತಲ ಗೋಡೆ ಅಳೆದರು. ಎಲ್ಲ ಇದ್ದಲ್ಲೇ ಇತ್ತು. ಅದರಿಂದ ಸಂಶಯ ಇನ್ನಷ್ಟು ಜಾಸ್ತಿಯಾಯಿತು.

ಆರತಿಯ ಹೊತ್ತು ಹತ್ತಿರವಾಗುತ್ತಿತ್ತು. ತುಳಪುಳೆಯವರ ಕಟ್ಟೆಯ ಮೇಲೆ ನೈವೇದ್ಯದ ಮೋದಕದ ಪಾತ್ರೆ ಹಬೆಯಾಡುತ್ತಿತ್ತು. ಇನ್ನು ತಡೆಯಲಾರದೆ ಪೊಂಕ್ಷೆಯವರು ತುಳಪುಳೆಯವರ ಕಣ್ಣೆದುರೇ ಅದನ್ನೆತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟರು.

ತುಳಪುಳೆ ಸುಮ್ಮನೆ ನೋಡುತ್ತಿದ್ದರು. ಆರತಿಗೆಂದು ಜನ ಅಂಗಳಕ್ಕೆ ಬರುವತನಕ ನೋಡಿದರು. ಆಮೇಲೆ ಗಂಟಲು ಬಿಚ್ಚಿದರು.

"ಕಳ್ಳ! ಕಳ್ಳ! ದೇವರ ಮೋದಕಾನೂ ಬಿಡಲಿಲ್ಲಲ್ಲೋ ಹೊಟ್ಟಿಬಾಕಾ!"

"ಬೈರಿ!" ಎಂದರು ಪೊಂಕ್ಷೆ, ಆನಂದದಿಂದ ಕಣ್ಣಲ್ಲಿ ನೀರು ತಂದುಕೊಂಡು. "ಇನ್ನೂ ಬೈರಿ!"

"ಕೇಳಿದ್ರಿಲ್ಲೋ? ಕದ್ದು ಮ್ಯಾಲ ಹಲ್ಲು ಕಿಸೀತಾನ!"

"ಅಲ್ರೀ, ನಿನ್ನೆ ಗಚ್ಚಿನ ಮ್ಯಾಲ ಚಂದ್ರನ್ನ ನೋಡಿಬಿಟ್ಟೆ, ಅದಕ್ಕs..."

"ನಿನ್ನೆ ಸಂಜಿಪೂರ್ತಿ ಮೋಡ ಕವಿದಿತ್ತಲ್ಲೋ," ಎಂದರು ವಾಡೆಯ ಹಿರಿಯ ಗೋಡಬೋಲೆ ಅಜ್ಜ. "ಒಂದು ಚುಕ್ಕಿ ಸುದ್ದಾ ಕಾಣಲಿಲ್ಲ. ಸುಳ್ಳು ಬ್ಯಾರೆ ಹೇಳ್ತೀಯಾ? ಕೊಡು ಕೀಲಿಕೈ."

ಕೀಲಿಕೈ ಪೊಂಕ್ಷೆಯವರ ಜನಿವಾರದಿಂದ ಬಿಚ್ಚಿ ತುಳಪುಳೆಯವರ ಜನಿವಾರಕ್ಕೆ ಹೋಯಿತು. ತುಳಪುಳೆ ಅದನ್ನು ಎರಡು ಸಲ ಎಳೆದು ನೋಡಿಕೊಂಡು, ಹೆಂಡತಿಯನ್ನು ಕೂಗಿದರು. "ಏ, ಕತ್ತಲಾತು, ಗಚ್ಚಿನ ದೀಪಾ ಹಚ್ಚು!"

ಮೇಲೆ ಗಚ್ಚಿನ ಮೂಲೆಯಲ್ಲಿ ಬೆಳ್ಳಗೆ, ದುಂಡಗೆ, ಬಿಸಿ ಭಾಕರಿಯ ಹಾಗೆ ಗಾಜಿನ ಬುರುಡೆಯೊಂದು ಹೊತ್ತಿಕೊಂಡಿತು.

"ನಿನ್ನೆನ ಹಾಕ್ಸೇನಿ," ಎಂದರು ತುಳಪುಳೆ, ಪೊಂಕ್ಷೆಯವರ ಕಿವಿಯ ಹತ್ತಿರ ಬಂದು ಮೆಲ್ಲಗೆ. "ನೀವು ಕೆನ್ನಿ ಬಡ್ಕೊಂಡು ಓಡಿದ್ದೂ ನೋಡೇನಿ. ಚೌತಿ ಚಂದ್ರ ಎಲ್ಲ್ಯಾರ ದುಂಡಗ ಇರ್ತಾನೇನ್ರೀ, ಪೊಂಕ್ಷೆ?"

ಪೊಂಕ್ಷೆಯವರು ಮೋದಕದ ಪಾತ್ರೆ ಕೆಳಗಿಟ್ಟು ಮತ್ತೆ ಎರಡೂ ಕೆನ್ನೆ ಬಡಿದುಕೊಂಡರು. ಈ ಸಲ ಸ್ವಲ್ಪ ಜೋರಾಗಿಯೇ.